ಒರಟು ಟ್ಯಾಕಲ್: ಬರೀ ಫೌಲೇ, ಹಳದಿಯೇ, ಕೆಂಪೇ? ರೆಫರಿ ತೂಗುವ ಬಗೆ

ಫುಟ್‌ಬಾಲ್ ಮೈದಾನದಲ್ಲಿ ಟ್ಯಾಕಲ್ (ಎದುರಾಳಿಯಿಂದ ಕಾಲಿನಿಂದ ಚೆಂಡು ಕಸಿಯುವ ಯತ್ನ) ಮಾಡಿದವನು ಎದ್ದು ನಿಂತು ಎರಡೂ ಕೈಯಿಂದ ಗಾಳಿಯಲ್ಲೊಂದು ದುಂಡು ಬರೆಯುತ್ತಾನೆ: "ಚೆಂಡಿಗೇ ತಾಗಿದ್ದು!" ಬಿದ್ದವನು ಕಾಲು ಹಿಡಿದುಕೊಂಡು ಹೊರಳಾಡುತ್ತಾನೆ. ಒಂದು ತಂಡ ಕೆಂಪು ಕಾರ್ಡ್ ತೆಗೆಯಿರಿ ಎಂದು ಸುತ್ತುವರಿಯುತ್ತದೆ, ಇನ್ನೊಂದು ತಂಡ ಇದು ಫೌಲೇ ಅಲ್ಲ ಎನ್ನುತ್ತದೆ. ಈ ಗದ್ದಲದಲ್ಲಿ ರೆಫರಿಗೆ ಕೆಲಸಕ್ಕೆ ಬರುವ ಮಾಹಿತಿ ಒಂದು ಚೂರೂ ಇಲ್ಲ. ಬೇಕಾದದ್ದೆಲ್ಲ ಅದಕ್ಕೂ ಒಂದು ಸೆಕೆಂಡ್ ಮೊದಲೇ ನಡೆದುಹೋಗಿದೆ. ಟ್ಯಾಕಲ್‌ಗೆ ಹೋದವನು ಯಾವ ವೇಗದಲ್ಲಿ ಬಂದ, ಕಾಲು ಹೇಗಿಟ್ಟ, ಬರುವಾಗ ಅವನ ಮೈ ಅವನ ಹಿಡಿತದಲ್ಲಿತ್ತೇ, ಇಷ್ಟನ್ನು ಕಂಡಿದ್ದರೆ ಕಾರ್ಡಿನ ಬಣ್ಣ ತಾನಾಗಿ ಹೊಳೆಯುತ್ತದೆ. ಕಾಣದೆ ಹೋದರೆ ಬಿದ್ದವನ ನರಳಾಟ ನೋಡಿ ಊಹಿಸಬೇಕಾಗುತ್ತದೆ, ಮತ್ತು ಆ ಊಹೆ ಬಹಳ ಸಲ ತಪ್ಪುತ್ತದೆ.

ಮೂರು ಪದ, ಮೂರು ತೂಕ

ಆಟದ ನಿಯಮಗಳನ್ನು ಬರೆಯುವುದು ಐಎಫ್‌ಎಬಿ ಎಂಬ ಅಂತರರಾಷ್ಟ್ರೀಯ ಮಂಡಳಿ. ಫೌಲಿನ ವಿಚಾರವೆಲ್ಲ ಅದರ 12ನೇ ನಿಯಮದಲ್ಲಿದೆ. ಎದುರಾಳಿಗೆ ಒದೆಯುವುದು, ಕಾಲು ಕೊಟ್ಟು ಬೀಳಿಸುವುದು, ಮೈಮೇಲೆ ಹಾರುವುದು, ತಳ್ಳುವುದು, ಹೊಡೆಯುವುದು, ಭುಜದಿಂದ ಗುದ್ದುವುದು, ಟ್ಯಾಕಲ್ ಮಾಡುವುದು ಇವುಗಳಲ್ಲಿ ಯಾವುದನ್ನೇ ಆಗಲಿ ಮೂರು ಮಟ್ಟದಲ್ಲಿ ತೂಗಬೇಕು ಎನ್ನುತ್ತದೆ ಆ ನಿಯಮ: ಅಜಾಗ್ರತೆ, ದುಡುಕು, ಮಿತಿಮೀರಿದ ಬಲ.

ಒಂದೇ ಘಟನೆಯನ್ನು ಮೂರು ಸಲ ಕಲ್ಪಿಸಿಕೊಳ್ಳಿ. ವಿಂಗರ್ (ಮೈದಾನದ ಅಂಚಿನಲ್ಲಿ ದಾಳಿ ಮಾಡುವವನು) ಚೆಂಡನ್ನು ಮುಂದಕ್ಕೆ ತಳ್ಳಿಕೊಂಡು ಓಡುತ್ತಿದ್ದಾನೆ, ಪಕ್ಕದಲ್ಲಿ ಡಿಫೆಂಡರ್. ಡಿಫೆಂಡರ್ ನಿಂತಲ್ಲಿಂದಲೇ ಕಾಲು ಚಾಚಿದ, ಅರ್ಧ ಕ್ಷಣ ತಡವಾಯಿತು, ಚೆಂಡು ಹೋಗಿಬಿಟ್ಟಿತ್ತು, ವಿಂಗರ್ ಎಡವಿದ. ಇದು ಅಜಾಗ್ರತೆ. ಫ್ರೀ ಕಿಕ್ ಕೊಟ್ಟರೆ ಮುಗಿಯಿತು, ಕಾರ್ಡ್ ಬೇಡ. ಅದೇ ಡಿಫೆಂಡರ್ ನಾಲ್ಕು ಹೆಜ್ಜೆ ಓಡಿಬಂದು ಜಾರಿದ, ಚೆಂಡು ಸಿಗುವುದು ಅನುಮಾನ ಎಂದು ಗೊತ್ತಿದ್ದೂ ಜಾರಿದ, ಎದುರಾಳಿಯ ಎರಡೂ ಕಾಲು ಹಾರಿಹೋಯಿತು. ಇದು ದುಡುಕು. ಎದುರಿನವನಿಗೆ ಏನಾದೀತು ಎಂಬ ಲಕ್ಷ್ಯವೇ ಇರಲಿಲ್ಲ, ಆದ್ದರಿಂದ ಹಳದಿ, ಅಂದರೆ ಎಚ್ಚರಿಕೆಯ ಕಾರ್ಡ್. ಮೂರನೆಯದರಲ್ಲಿ ಅವನು ಪೂರ್ತಿ ವೇಗದಲ್ಲಿ ಬಂದು, ಮೊಣಕಾಲು ಸೆಟೆಸಿ, ಸ್ಟಡ್ (ಬೂಟಿನ ಅಡಿಯ ಗುಬ್ಬಿಗಳು) ಮುಂದೆ ಮಾಡಿ, ವಿಂಗರ್ ಊರಿದ್ದ ಕಾಲಿನ ಪಾದದ ಕೀಲಿಗೆ ಇಳಿದ. ಚೆಂಡು ಗೆಲ್ಲಲು ಅಷ್ಟು ಬಲದ ಅಗತ್ಯವೇ ಇರಲಿಲ್ಲ. ಎದುರಾಳಿಯ ಮೈಗೇ ಅಪಾಯ. ಇದಕ್ಕೆ ನಿಯಮ ಇಟ್ಟಿರುವ ಹೆಸರು ಗಂಭೀರ ಫೌಲ್, ಶಿಕ್ಷೆ ಕೆಂಪು, ಅಂದರೆ ಆಟದಿಂದಲೇ ಹೊರಗೆ.

ಮೂರರಲ್ಲೂ ಚೆಂಡು ಆಟದಲ್ಲಿದ್ದರೆ ಸಿಗುವುದು ಒಂದೇ, ಡೈರೆಕ್ಟ್ ಫ್ರೀ ಕಿಕ್ (ಒದ್ದ ಚೆಂಡು ನೇರ ಗೋಲಾಗಬಹುದು). ತನ್ನದೇ ಪೆನಾಲ್ಟಿ ಪ್ರದೇಶದೊಳಗೆ ಮಾಡಿದ್ದರೆ ಪೆನಾಲ್ಟಿ. ಅಂದರೆ ರೆಫರಿ ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತಾರೆ: ಫೌಲ್ ಆಯಿತೇ? ಆಗಿದ್ದರೆ ಎಷ್ಟು ಕೆಟ್ಟದ್ದು? ಹೊಸ ರೆಫರಿಗಳು ಇವೆರಡನ್ನೂ ಒಟ್ಟಿಗೆ ಗಂಟು ಹಾಕಿಬಿಡುತ್ತಾರೆ. ಪೆನಾಲ್ಟಿ ಕೊಟ್ಟಾಯಿತಲ್ಲ, ಕಾರ್ಡ್ ಯಾಕೆ ಎಂದು ಕೆಂಪನ್ನು ಜೇಬಲ್ಲೇ ಉಳಿಸುವುದು, ಅಥವಾ ಕಾರ್ಡ್ ತೋರಿಸಲು ಹಿಂಜರಿದು ಫೌಲನ್ನೇ ಕೊಡದಿರುವುದು, ಎರಡೂ ಆಗುತ್ತಿರುತ್ತವೆ.

ಈ ಮೂರು ಮಟ್ಟದಲ್ಲಿ ಎಲ್ಲೂ 'ಬೇಕೆಂದೇ' ಎಂಬ ಮಾತಿಲ್ಲ, ಗಮನಿಸಿ. ಹಿಂದೆ ನಿಯಮದಲ್ಲಿ ಉದ್ದೇಶದ ಪ್ರಶ್ನೆ ಇತ್ತು. 1990ರ ದಶಕದಲ್ಲಿ ಅದನ್ನು ಕೈಬಿಟ್ಟು ಈ ಮೂರು ಪದಗಳ ದಾರಿ ಹಿಡಿದರು. ಒಳ್ಳೆಯದೇ ಆಯಿತು. ಮನಸ್ಸಿನೊಳಗೆ ಏನಿತ್ತು ಎಂದು ಹೇಳಲು ಯಾರಿಂದಾದೀತು? ಕಾಲು ಎಲ್ಲಿತ್ತು ಎಂಬುದನ್ನಾದರೆ ಕಣ್ಣಾರೆ ಕಂಡು ಹೇಳಬಹುದು.

ಕೊನೆಯ ಎರಡು ಹೆಜ್ಜೆ

ನಿರ್ಧಾರದ ಮುಕ್ಕಾಲು ಪಾಲು ಇಲ್ಲಿದೆ. ಚೆಂಡು ಸಡಿಲವಾಗಿ ಇಬ್ಬರ ನಡುವೆ ಉರುಳುತ್ತಿದೆ ಎಂದುಕೊಳ್ಳಿ. ಪ್ರೇಕ್ಷಕರ ಕಣ್ಣು ಚೆಂಡಿನ ಮೇಲಿರುತ್ತದೆ. ರೆಫರಿಯ ಕಣ್ಣು ಚೆಂಡನ್ನು ಬಿಟ್ಟು ತಡವಾಗಿ ತಲುಪಲಿರುವವನ ಸೊಂಟದಿಂದ ಕೆಳಕ್ಕೆ ಇಳಿಯಬೇಕು. ಇಬ್ಬರಲ್ಲಿ ಯಾರು ತಡವಾಗುತ್ತಾರೆ ಎಂಬುದು ಎರಡು ಹೆಜ್ಜೆ ಮೊದಲೇ ತಿಳಿಯುತ್ತದೆ. ಅಪಾಯ ಬರುವುದು ಆ ಕಡೆಯಿಂದಲೇ.

ಮೊದಲು ವೇಗ ಮತ್ತು ದೂರ. ಒಂದು ಮೀಟರ್ ದೂರದಿಂದ ಕಾಲು ಹಾಕಿದವನಿಗೆ ಕೊನೇ ಗಳಿಗೆಯಲ್ಲಿ ಹಿಂದೆಳೆಯುವ ಅವಕಾಶವಿದೆ. ಐದಾರು ಮೀಟರಿನಿಂದ ಓಡಿಬಂದು ಜಾರಿದವನಿಗೆ ಅದಿಲ್ಲ. ಜಾರಲು ಶುರುಮಾಡಿದ ಕ್ಷಣದಿಂದ ಅವನ ಮೈ ಅವನ ಮಾತು ಕೇಳುವುದಿಲ್ಲ, ನೆಲ ಒದ್ದೆಯಿದ್ದರಂತೂ ಎಲ್ಲಿ ನಿಲ್ಲುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. ಒದ್ದೆ ಹುಲ್ಲು ಸಬೂಬಾಗುವುದಿಲ್ಲ. ನೆಲ ಜಾರುತ್ತಿದೆ ಎಂದು ಗೊತ್ತಿದ್ದೇ ಇಳಿದವನು ಅದರ ಲೆಕ್ಕವನ್ನೂ ಹಾಕಬೇಕಿತ್ತು.

ಎರಡನೆಯದು ಮೊಣಕಾಲು. ಒಂದು ಸಣ್ಣ ಸಂಗತಿಯಂತೆ ಕಂಡರೂ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನಂಬಿಕೆಯ ಗುರುತು. ಮಡಚಿದ ಮೊಣಕಾಲು ಸ್ಪ್ರಿಂಗಿನಂತೆ. ತಾಗಿದಾಗ ಮತ್ತಷ್ಟು ಮಡಚಿಕೊಂಡು ಪೆಟ್ಟನ್ನು ನುಂಗುತ್ತದೆ. ಸೆಟೆದ ಮೊಣಕಾಲು ದೊಣ್ಣೆಯಂತೆ. ಓಡಿಬಂದ ಇಡೀ ದೇಹದ ಭಾರ ಅದರ ಮೂಲಕ ನೇರವಾಗಿ ಎದುರಾಳಿಯ ಮೂಳೆಗೆ ಹೋಗುತ್ತದೆ. ತಾಗುವ ಹೊತ್ತಿಗೆ ಕಾಲು ಮಡಚಿತ್ತೇ, ಸೆಟೆದಿತ್ತೇ ಎಂದು ನಿಮಗೆ ನೀವೇ ಕೇಳಿಕೊಳ್ಳುವ ಅಭ್ಯಾಸ ಮಾಡಿದರೆ ಹಳದಿ ಮತ್ತು ಕೆಂಪಿನ ನಡುವಿನ ಅರ್ಧ ಗೊಂದಲ ಕರಗುತ್ತದೆ.

ಮೂರನೆಯದು ಬೂಟಿನ ಯಾವ ಭಾಗ ಮುಂದಿತ್ತು ಎಂಬುದು. ಪಾದದ ಮೇಲ್ಭಾಗ ಅಥವಾ ಒಳಬದಿಯಿಂದ ಚೆಂಡಿಗೆ ಹೋದರೆ ಬೂಟಿನ ಅಡಿ ನೆಲದ ಕಡೆ ಇರುತ್ತದೆ. ಸ್ಟಡ್‌ಗಳು ಎದುರಾಳಿಯ ಕಡೆ ತಿರುಗಿದ್ದರೆ ಎಚ್ಚರದ ಗಂಟೆ ಹೊಡೆಯಬೇಕು. ಸ್ಟಡ್ ಕಂಡ ಕೂಡಲೇ ಕೆಂಪು ಎಂದಲ್ಲ. ನೆಲಕ್ಕೆ ಅಂಟಿಕೊಂಡು ನಿಧಾನಕ್ಕೆ ಜಾರಿದ ಬೂಟು ಎದುರಾಳಿಯ ಬೂಟಿನ ಬದಿಗೆ ಒರಸಿದರೆ ಅದು ಹಳದಿಯನ್ನು ದಾಟದೇ ಇರಬಹುದು.

ನಾಲ್ಕನೆಯದು ಎತ್ತರ. ಪಾದದ ತುದಿಗೆ ತಾಗಿದ್ದಕ್ಕೂ ಪಾದದ ಕೀಲಿಗೆ ತಾಗಿದ್ದಕ್ಕೂ ವ್ಯತ್ಯಾಸವಿದೆ. ಅಲ್ಲಿಂದ ಮೇಲೆ, ಮೊಣಕಾಲ ಕೆಳಗಿನ ಮೂಳೆಗೋ ಮೊಣಕಾಲಿಗೋ ತಾಗಿದರೆ ಇನ್ನೂ ದೊಡ್ಡ ವ್ಯತ್ಯಾಸ. ಚೆಂಡು ನೆಲದಲ್ಲಿತ್ತು, ಬೂಟು ಮೊಣಕಾಲಿನ ಹತ್ತಿರವಿತ್ತು ಎಂದಾದರೆ ಅವನು ಚೆಂಡಿಗೆ ಹೋಗುತ್ತಿದ್ದ ಎಂಬ ವಾದಕ್ಕೆ ಕಾಲೇ ಉಳಿಯುವುದಿಲ್ಲ. ಹಿಂದಿನಿಂದ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವಿಗೆ ಇಳಿಸುವುದು ಬೇರೆಯದೇ ಅಪಾಯ. ಅಲ್ಲಿ ಪೆಟ್ಟು ತಡೆಯಲು ಮಾಂಸವೇ ಇಲ್ಲ.

ಇನ್ನೊಂದು ಸಂಗತಿ ಟ್ಯಾಕಲ್ ಮಾಡಿದವನದ್ದಲ್ಲ, ಮಾಡಿಸಿಕೊಂಡವನದ್ದು: ಪೆಟ್ಟು ಬಿದ್ದ ಕಾಲು ನೆಲದಲ್ಲಿ ಊರಿತ್ತೇ, ಗಾಳಿಯಲ್ಲಿತ್ತೇ? ಗಾಳಿಯಲ್ಲಿದ್ದ ಕಾಲು ಪೆಟ್ಟಿನ ಜೊತೆ ಅತ್ತ ಹೋಗುತ್ತದೆ, ಆಟಗಾರ ಗಿರಕಿ ಹೊಡೆದು ಬೀಳುತ್ತಾನೆ, ನೋಡಲು ಭಯಂಕರ. ಊರಿದ ಕಾಲಿನ ಮೇಲೆ ಇಡೀ ಮೈಭಾರವಿರುತ್ತದೆ, ಸ್ಟಡ್‌ಗಳು ಹುಲ್ಲಿನಲ್ಲಿ ಕಚ್ಚಿಕೊಂಡಿರುತ್ತವೆ; ಕಾಲು ಯಾವ ಕಡೆಗೂ ಹೋಗಲಾರದು, ಬಗ್ಗುವುದು ಕೀಲು ಮಾತ್ರ. ಬೀಳುವುದು ಅಷ್ಟು ನಾಟಕೀಯವಾಗಿ ಕಾಣದಿದ್ದರೂ ಮುರಿಯುವುದು ಇಂಥ ಕಾಲು. ಎತ್ತರಕ್ಕೆ ಹಾರಿಬಿದ್ದವನನ್ನು ಕಂಡು ಕೆಂಪು ಕೊಟ್ಟು, ಇದ್ದಲ್ಲೇ ಕುಸಿದವನಿಗೆ ಬರೀ ಫ್ರೀ ಕಿಕ್ ಕೊಡುವ ತಪ್ಪು ಆಗುವುದು ಇಲ್ಲೇ.

ಎರಡೂ ಪಾದ ನೆಲ ಬಿಟ್ಟಿದ್ದವೇ ಎಂಬುದನ್ನೂ ಸೇರಿಸಿಕೊಳ್ಳಿ. ನೆಲ ಬಿಟ್ಟವನಿಗೆ ಬ್ರೇಕ್ ಇಲ್ಲ, ಸ್ಟಿಯರಿಂಗ್ ಇಲ್ಲ. ಒಂದು ಕಾಲು ಚೆಂಡಿಗೆ ಹೋಗಿ ಇನ್ನೊಂದು ಹಿಂದಿನಿಂದ ಕತ್ತರಿಯಂತೆ ಮುಚ್ಚಿಕೊಳ್ಳುವ ಟ್ಯಾಕಲ್ ಕೂಡ ಇದೇ ಜಾತಿಯದು. ಸಿಕ್ಕಿಹಾಕಿಕೊಂಡ ಕಾಲಿಗೆ ಹೊರಡಲು ದಾರಿಯಿಲ್ಲ, ಮೊಣಕಾಲು ತಿರುಚುತ್ತದೆ. ಮುಂದಿನ ಕಾಲು ಚೆಂಡಿಗೆ ಚೆನ್ನಾಗಿ ತಾಗಿರುವುದರಿಂದ ಹಿಂದಿನ ಕಾಲಿನ ಕೆಲಸ ಕಣ್ತಪ್ಪಿಹೋಗುತ್ತದೆ. ಹಿಂದೆ ಬರುವ ಕಾಲನ್ನೂ ನೋಡಿ.

ದಿಕ್ಕಿನ ಬಗ್ಗೆ ಒಂದು ಹಳೆಯ ತಪ್ಪು ತಿಳಿವಳಿಕೆ ಉಳಿದುಕೊಂಡಿದೆ. 1998ರ ವಿಶ್ವಕಪ್‌ಗೆ ಮುನ್ನ, ಹಿಂದಿನಿಂದ ಬಂದು ಎದುರಾಳಿಯ ಸುರಕ್ಷತೆಗೆ ಅಪಾಯ ತರುವ ಟ್ಯಾಕಲ್‌ಗೆ ಕೆಂಪು ಎಂದು ಬಿಗಿ ಮಾಡಿದರು. ಅಂದಿನಿಂದ 'ಹಿಂದಿನಿಂದ ಬಂದರೆ ಕೆಂಪು, ಮುಂದಿನಿಂದ ಬಂದರೆ ಪರವಾಗಿಲ್ಲ' ಎಂಬ ಮಾತು ಹಬ್ಬಿತು. ಈಗಿನ ನಿಯಮ ಮುಂದೆ, ಪಕ್ಕ, ಹಿಂದೆ ಮೂರನ್ನೂ ಹೆಸರಿಸುತ್ತದೆ, ಒಂದು ಕಾಲಾಗಲಿ ಎರಡು ಕಾಲಾಗಲಿ ಎನ್ನುತ್ತದೆ. ಹಿಂದಿನಿಂದ ಬಂದದ್ದು ಹೆಚ್ಚು ಅಪಾಯ ಏಕೆಂದರೆ ಎದುರಾಳಿಗೆ ಕಾಣುವುದಿಲ್ಲ, ಹಾರಿಕೊಳ್ಳಲೂ ಕಾಲು ಸಡಿಲಿಸಲೂ ಸಮಯವಿಲ್ಲ. ಹಾಗೆಂದು ಹಿಂದಿನಿಂದ ನಯವಾಗಿ ಚೆಂಡು ಕಸಿದವನಿಗೆ ಸೀಟಿ ಊದಬೇಕಾಗಿಲ್ಲ.

ಚೆಂಡು ಸಿಕ್ಕಿತಲ್ಲ, ಮತ್ತೇನು?

ಚೆಂಡು ಮೊದಲು ತಾಗಿದರೆ ಫೌಲ್ ಅಲ್ಲ ಎಂಬ ವಾಕ್ಯ ನಿಯಮ ಪುಸ್ತಕದಲ್ಲಿ ಹುಡುಕಿದರೂ ಸಿಗುವುದಿಲ್ಲ. ಚೆಂಡು ಸಿಕ್ಕಿದ್ದು ಒಂದು ಸುಳಿವು ಮಾತ್ರ. ಸಮಯ ಸರಿಯಾಗಿತ್ತು, ಅಂದಾಜು ಕೆಟ್ಟಿರಲಿಲ್ಲ ಎಂದು ಅದು ಹೇಳುತ್ತದೆ. ಚೆಂಡು ತೆಗೆದ ಮೇಲೆ ಕಾಲು ಎಲ್ಲಿಗೆ ಹೋಯಿತು ಎಂಬುದನ್ನು ಹೇಳುವುದಿಲ್ಲ. ಕಾಲ್ಬೆರಳ ತುದಿ ಚೆಂಡಿಗೆ ಸೋಕಿ, ಅದೇ ಓಟದಲ್ಲಿ ಸ್ಟಡ್‌ಗಳು ಎದುರಾಳಿಯ ಕಾಲಿಗೆ ಇಳಿದರೆ ಕೆಂಪು ಕೆಂಪೇ. ಇನ್ನೊಂದು ಕಡೆ, ಜಾರಿ ಬಂದು ಚೆಂಡನ್ನು ಶುದ್ಧವಾಗಿ ತೆಗೆದ ಮೇಲೆ ಎದುರಾಳಿ ಅವನ ಮೇಲೆ ಎಡವಿ ಬಿದ್ದರೆ ಅದು ಆಟ. ಎಡವಿದ್ದಕ್ಕೆಲ್ಲ ಸೀಟಿ ಬೇಡ.

ಹೀಗೆಯೇ, ತಾಗಲೇ ಇಲ್ಲವಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಒದೆಯಲು, ಕಾಲು ಕೊಡಲು ಯತ್ನಿಸಿದರೂ ನಿಯಮದಲ್ಲಿ ಅದು ಫೌಲೇ. ಎದುರಾಳಿ ಸಮಯಕ್ಕೆ ಹಾರಿ ತಪ್ಪಿಸಿಕೊಂಡ ಮಾತ್ರಕ್ಕೆ ಎರಡು ಕಾಲಲ್ಲಿ ಹಾರಿಬಂದವನು ಒಳ್ಳೆಯವನಾಗುವುದಿಲ್ಲ.

ಗಾಯವೂ ಅಳತೆಗೋಲಲ್ಲ. ಸಾಧಾರಣ ಟ್ಯಾಕಲ್‌ನಲ್ಲಿ ಕಾಲು ವಿಚಿತ್ರವಾಗಿ ಮಡಚಿ ಮೂಳೆ ಮುರಿಯಬಹುದು, ಭೀಕರ ಟ್ಯಾಕಲ್‌ನಿಂದ ಎದುರಾಳಿ ಧೂಳು ಕೊಡವಿಕೊಂಡು ಎದ್ದು ಬರಬಹುದು. ರೆಫರಿ ಶಿಕ್ಷಿಸುವುದು ಕೃತ್ಯವನ್ನು. ಬಿದ್ದವನು ಕೂಡಲೇ ಎದ್ದದ್ದನ್ನು ನೋಡಿ ಕೆಂಪನ್ನು ಹಳದಿಗೆ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ, ಆಟ ಶಾಂತವಾಗಿ ಮುಂದುವರಿಯಲಿ ಎಂದು. ಹತ್ತು ನಿಮಿಷ ಬಿಟ್ಟು ಅದೇ ಆಟಗಾರ ಅದೇ ತರದ ಇನ್ನೊಂದು ಟ್ಯಾಕಲ್‌ಗೆ ಹೋದಾಗ ಆ ಆಸೆಗೆ ಬೆಲೆ ತೆರಬೇಕಾಗುತ್ತದೆ.

ಭುಜ, ಮೊಣಕೈ, ಎತ್ತಿದ ಬೂಟು, ಗೋಲ್‌ಕೀಪರ್

ಭುಜಕ್ಕೆ ಭುಜ ಕೊಡುವುದು ಸರಿಯಾದ ಆಟ. ಚೆಂಡು ಆಡುವಷ್ಟು ಹತ್ತಿರದಲ್ಲಿರಬೇಕು, ತೋಳು ಮೈಗೆ ಅಂಟಿರಬೇಕು, ಅತಿಯಾದ ಬಲ ಇರಬಾರದು. ತೋಳು ಮೈಯಿಂದ ಬಿಟ್ಟುಕೊಂಡಿತೆಂದರೆ ಅದು ತಳ್ಳಾಟ. ಬೆನ್ನಿಗೆ ಬಿದ್ದ ಭುಜವೂ ಹಾಗೆಯೇ.

ಗಾಳಿಯಲ್ಲಿ ಹೆಡ್ ಮಾಡಲು (ತಲೆಯಿಂದ ಚೆಂಡು ಹೊಡೆಯಲು) ಹಾರುವವನಿಗೆ ಕೈ ಬೇಕೇ ಬೇಕು. ಕೈ ಬೀಸದೆ ಯಾರೂ ಎತ್ತರಕ್ಕೆ ಹಾರಲಾರರು. ಆ ತೋಳು ಹಾರಲು ಬಳಸಿದ ಸಾಧನವೋ, ಹೊಡೆಯಲು ಬಳಸಿದ ಆಯುಧವೋ ಎಂದು ರೆಫರಿಗಳು ತಮ್ಮೊಳಗೆ ಕೇಳಿಕೊಳ್ಳುವುದುಂಟು. ಮೊಣಕೈ ಮೇಲಕ್ಕೆ ಹೋಗಿ ತನ್ನಷ್ಟಕ್ಕೆ ಇಳಿದು ಮುಖಕ್ಕೆ ತಾಗಿದರೆ ಅಜಾಗ್ರತೆಯೋ ದುಡುಕೋ. ಎದುರಾಳಿ ಎಲ್ಲಿದ್ದಾನೆಂದು ಒಮ್ಮೆ ತಿರುಗಿ ನೋಡಿ, ಮುಷ್ಟಿ ಬಿಗಿದು, ಮೊಣಕೈಯನ್ನು ಅಡ್ಡಕ್ಕೆ ಬೀಸಿದರೆ ಕೆಂಪು. ಆ ಒಂದು ಕಿರುನೋಟ ಎಲ್ಲವನ್ನೂ ಹೇಳುತ್ತದೆ. ಚೆಂಡು ನೋಡುತ್ತ ನಿಂತ ರೆಫರಿಗೆ ಅದು ಕಾಣುವುದೇ ಇಲ್ಲ. ಚೆಂಡಿಗಾಗಿ ಪೈಪೋಟಿಯೇ ಇಲ್ಲದಾಗ ಕೈಯಿಂದ ಬೇಕೆಂದೇ ತಲೆಗೋ ಮುಖಕ್ಕೋ ಹೊಡೆದರೆ ಅದು ಹಿಂಸಾಚಾರ ಎಂಬ ಬೇರೆ ಶೀರ್ಷಿಕೆಗೆ ಹೋಗುತ್ತದೆ, ಹೊಡೆತ ತೀರಾ ನಗಣ್ಯವಾಗಿದ್ದರೆ ಮಾತ್ರ ವಿನಾಯಿತಿ. ಗಂಭೀರ ಫೌಲಿಗೂ ಹಿಂಸಾಚಾರಕ್ಕೂ ಇರುವ ಗೆರೆ ಇದೇ: ಮೊದಲನೆಯದು ಚೆಂಡಿಗಾಗಿ ನಡೆದ ಪೈಪೋಟಿಯಲ್ಲಿ, ಎರಡನೆಯದು ಅದರ ಹೊರಗೆ.

ಎತ್ತಿದ ಬೂಟಿನ ಕಥೆ ಸ್ವಲ್ಪ ಬೇರೆ. ಚೆಂಡಿಗಾಗಿ ಎದುರಾಳಿಯ ತಲೆಯೆತ್ತರಕ್ಕೆ ಕಾಲು ಬೀಸಿ, ಅವನು ಹೆದರಿ ಹಿಂದೆ ಸರಿದ, ಯಾರಿಗೂ ತಾಗಲಿಲ್ಲ ಎಂದರೆ ಅದು ಅಪಾಯಕಾರಿ ಆಟ, ಇನ್‌ಡೈರೆಕ್ಟ್ ಫ್ರೀ ಕಿಕ್ (ಇನ್ನೊಬ್ಬರಿಗೆ ತಾಗದೆ ನೇರ ಗೋಲಾಗದು). ತಾಗಿತೆಂದರೆ ಡೈರೆಕ್ಟ್ ಫ್ರೀ ಕಿಕ್ ಆಗಿಬಿಡುತ್ತದೆ, ಮೂರು ಮಟ್ಟದ ತೂಗಾಟ ಮತ್ತೆ ಶುರು. ಹತ್ತಿರ ಯಾರೂ ಇಲ್ಲದಾಗ ಹಿಂದಕ್ಕೆ ಬಾಗಿ ಹಾರಿ ತಲೆಯ ಮೇಲಿಂದ ಹೊಡೆಯುವ ಬೈಸಿಕಲ್ ಕಿಕ್‌ಗೆ ಯಾವ ಅಡ್ಡಿಯೂ ಇಲ್ಲ.

ಗೋಲ್‌ಕೀಪರ್‌ಗೆ ಒರಟು ಆಟದ ರಿಯಾಯಿತಿ ಎಂಬುದೇನೂ ಇಲ್ಲ. 1982ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಸೆವಿಲ್ಲಾದಲ್ಲಿ ಪಶ್ಚಿಮ ಜರ್ಮನಿಯ ಕೀಪರ್ ಹರಾಲ್ಡ್ ಶುಮಾಕರ್ ಓಡಿಬಂದು ಹಾರಿ ಫ್ರಾನ್ಸಿನ ಪ್ಯಾಟ್ರಿಕ್ ಬ್ಯಾಟಿಸ್ಟನ್‌ಗೆ ಅಪ್ಪಳಿಸಿದ. ಬ್ಯಾಟಿಸ್ಟನ್ ಅಷ್ಟರಲ್ಲಿ ಚೆಂಡು ಒದ್ದಾಗಿತ್ತು, ಅದು ಗೋಲಿನ ಹೊರಗೆ ಹೋಯಿತು. ಅವನು ಹಲ್ಲು ಕಳೆದುಕೊಂಡು ಪ್ರಜ್ಞೆತಪ್ಪಿ ಬಿದ್ದ. ರೆಫರಿ ಫೌಲನ್ನೂ ಕೊಡಲಿಲ್ಲ, ಕೊಟ್ಟದ್ದು ಜರ್ಮನಿಗೇ ಗೋಲ್ ಕಿಕ್. ಕಣ್ಣು ಚೆಂಡಿನ ಹಿಂದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ. ಒದ್ದ ಮೇಲೂ ಒಂದು ಸೆಕೆಂಡ್ ಒದ್ದವನನ್ನೇ ನೋಡುತ್ತಿರಿ. ತಡವಾದ ಪೆಟ್ಟು ಬೀಳುವುದು ಆಗಲೇ.

ಎಲ್ಲಿ ನಿಂತರೆ ಕಾಣುತ್ತದೆ

2010ರ ವಿಶ್ವಕಪ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ನೈಜೆಲ್ ಡಿ ಯಾಂಗ್ ಎತ್ತಿದ ಬೂಟು ಸ್ಪೇನಿನ ಶಾಬಿ ಅಲೊನ್ಸೊ ಎದೆಗೆ ಬಡಿಯಿತು. ಇಂಗ್ಲೆಂಡಿನ ರೆಫರಿ ಹೋವರ್ಡ್ ವೆಬ್ ತೋರಿಸಿದ್ದು ಹಳದಿ. ತಮಗೆ ಸರಿಯಾಗಿ ಕಾಣಲಿಲ್ಲ, ಅದು ಕೆಂಪಾಗಬೇಕಿತ್ತು ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಅವರಿಗೆ ನಿಯಮ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೂಟಿನ ಅಡಿ ಎದೆಗೆ ಸೇರಿದ ಜಾಗ ಅವರ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಇಬ್ಬರು ಆಟಗಾರರ ನಡುವಿನ ಸಂದು ಕಾಣುವಂತೆ ನಿಲ್ಲಬೇಕು. ಟ್ಯಾಕಲ್ ಮಾಡುವವನ ನೇರ ಹಿಂದೆ ನಿಂತರೆ ಅವನ ಬೆನ್ನು ಕಾಣುತ್ತದೆ, ಬೂಟು ಕಾಣುವುದಿಲ್ಲ. ಪಕ್ಕದಿಂದ ನೋಡಿದರೆ ಕಾಲಿನ ಎತ್ತರ, ಮೊಣಕಾಲಿನ ಮಡಿಕೆ, ಚೆಂಡಿಗೂ ಕಾಲಿಗೂ ಇದ್ದ ಅಂತರ ಎಲ್ಲವೂ ಗೆರೆ ಎಳೆದಂತೆ ಕಾಣುತ್ತವೆ. ಸುಮಾರು 10ರಿಂದ 15 ಮೀಟರ್ ದೂರ ಸಾಕು. ಅದಕ್ಕಿಂತ ಹತ್ತಿರ ಹೋದರೆ ಕಾಲಿನ ತುದಿ ಕಾಣುತ್ತದೆ, ಓಡಿಬಂದ ವೇಗ ಕಾಣುವುದಿಲ್ಲ. ದೂರ ಮತ್ತು ಕೋನ ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ದೂರವನ್ನೇ ಬಿಡಿ. ಐದು ಮೀಟರ್ ಮುಂದಕ್ಕೆ ಓಡುವುದಕ್ಕಿಂತ ಎರಡು ಹೆಜ್ಜೆ ಪಕ್ಕಕ್ಕೆ ಸರಿದದ್ದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬಾವುಟ ಹಿಡಿದ ಸಹಾಯಕ ರೆಫರಿ ಗೆರೆಯ ಹತ್ತಿರದ ಟ್ಯಾಕಲನ್ನು ನಿಮಗಿಂತ ಚೆನ್ನಾಗಿ ನೋಡಿರುತ್ತಾರೆ. ಪಂದ್ಯಕ್ಕೆ ಮುಂಚೆಯೇ ಅವರೊಡನೆ ಮಾತಾಡಿಕೊಳ್ಳಿ: ಕೆಂಪು ಎಂದು ಅನಿಸಿದರೆ ಹೇಗೆ ತಿಳಿಸುವುದು, ಯಾವ ಪದ ಬಳಸುವುದು. 'ಕೆಟ್ಟದ್ದು' ಎಂಬ ಮಾತಿನಿಂದ ಏನೂ ತಿಳಿಯದು. 'ಸ್ಟಡ್, ಪಾದದ ಕೀಲಿನ ಮೇಲೆ, ಪೂರ್ತಿ ಬಲ' ಎಂದರೆ ಮೂರೇ ಮಾತಿನಲ್ಲಿ ಚಿತ್ರ ಸಿಗುತ್ತದೆ.

ಸೀಟಿ ಊದಿದ ಮೇಲೆ

ಸೀಟಿಯ ಸದ್ದಿನಲ್ಲೇ ತೂಕ ಇರಲಿ. ಮಾಮೂಲು ಎಡವಾಟಕ್ಕೆ ಚಿಕ್ಕ ಸದ್ದು ಸಾಕು. ಕೆಟ್ಟ ಟ್ಯಾಕಲ್‌ಗೆ ಜೋರಾಗಿ, ಉದ್ದವಾಗಿ ಊದಿ. ಇದು ಕಂಡಿದೆ, ನೋಡಿಕೊಳ್ಳುತ್ತೇನೆ ಎಂದು ಎರಡೂ ತಂಡಕ್ಕೆ ಅಷ್ಟರಲ್ಲೇ ತಿಳಿಯುತ್ತದೆ, ಸೇಡಿಗೆ ಹೊರಟವನು ಒಂದು ಗಳಿಗೆ ತಡೆಯುತ್ತಾನೆ. ಕೂಡಲೇ ಆ ಜಾಗಕ್ಕೆ ಓಡಿ, ಇಬ್ಬರ ನಡುವೆ ಬನ್ನಿ. ಕಾರ್ಡ್ ತೆಗೆಯಲು ಅವಸರ ಬೇಡ. ಮೂರ್ನಾಲ್ಕು ಸೆಕೆಂಡ್ ತಡೆದರೆ ಕಂಡದ್ದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓಡಿಸಿ ನೋಡಬಹುದು: ವೇಗ, ಮೊಣಕಾಲು, ಸ್ಟಡ್, ಎತ್ತರ, ಊರಿದ ಕಾಲು. ಬಿದ್ದವನಿಗೆ ವೈದ್ಯರು ಬೇಕೇ ನೋಡಿ. ತಪ್ಪು ಮಾಡಿದವನನ್ನು ಗುಂಪಿನಿಂದ ಆಚೆ ಕರೆದು, ಕೈಗೆ ಸಿಗದಷ್ಟು ದೂರ ನಿಂತು ಕಾರ್ಡ್ ತೋರಿಸಿ. ಬಿದ್ದವನ ತಲೆಯ ಮೇಲೆ ಕಾರ್ಡ್ ಎತ್ತಿದರೆ ಯಾರಿಗೆ ತೋರಿಸಿದ್ದೆಂದು ಅರ್ಧ ಮೈದಾನಕ್ಕೆ ತಿಳಿಯುವುದಿಲ್ಲ.

ಅಂದಹಾಗೆ, ಈ ಕಾರ್ಡ್‌ಗಳು ಹುಟ್ಟಿದ್ದೇ ಇಂಥ ಗೊಂದಲದಿಂದ. 1966ರ ವಿಶ್ವಕಪ್‌ನ ಇಂಗ್ಲೆಂಡ್–ಅರ್ಜೆಂಟೀನಾ ಪಂದ್ಯದಲ್ಲಿ ಯಾರಿಗೆ ಎಚ್ಚರಿಕೆ ಬಿತ್ತು ಎಂಬುದೇ ಸ್ಪಷ್ಟವಿರಲಿಲ್ಲ. ಇಂಗ್ಲೆಂಡಿನ ರೆಫರಿ ಕೆನ್ ಆಸ್ಟನ್‌ಗೆ ಟ್ರಾಫಿಕ್ ದೀಪ ನೋಡಿ ಹಳದಿ, ಕೆಂಪಿನ ಯೋಚನೆ ಹೊಳೆಯಿತು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡ್‌ಗಳು ಮೊದಲ ಸಲ ಬಂದವು.

ಗಾಯಗೊಂಡವನು ಚಿಕಿತ್ಸೆ ಪಡೆದರೆ ಸಾಮಾನ್ಯವಾಗಿ ಮೈದಾನದಿಂದ ಹೊರಗೆ ಹೋಗಿ ಬರಬೇಕು. ಆದರೆ ಅವನ ಗಾಯಕ್ಕೆ ಕಾರಣನಾದವನಿಗೆ ಆ ಟ್ಯಾಕಲ್‌ಗಾಗಿ ಹಳದಿಯೋ ಕೆಂಪೋ ಬಿದ್ದಿದ್ದು, ಚಿಕಿತ್ಸೆ ಬೇಗ ಮುಗಿದರೆ ಅವನು ಅಲ್ಲೇ ಉಳಿಯಬಹುದು. ಇದನ್ನು ಮರೆತು ಪೆಟ್ಟು ತಿಂದವನನ್ನೇ ಆಚೆ ಕಳಿಸಿದರೆ, ಒದ್ದವನಿಗೆ ಬರೀ ಹಳದಿ ಬಿದ್ದಿದ್ದಾಗ ಅವನ ತಂಡ ಒಬ್ಬ ಹೆಚ್ಚಿನವನೊಂದಿಗೆ ಫ್ರೀ ಕಿಕ್ ಎದುರಿಸುತ್ತದೆ.

ಅಡ್ವಾಂಟೇಜ್, ಅಂದರೆ ಫೌಲ್ ಆದರೂ ಸೀಟಿ ಊದದೆ ಆಟ ಬಿಡುವ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಕೆಂಪು ಕಾರ್ಡಿನ ಟ್ಯಾಕಲ್ ಆದಾಗ, ಅಥವಾ ಒಬ್ಬನಿಗೇ ಎರಡನೇ ಹಳದಿ (ಅದೂ ಹೊರಗೆ ಕಳಿಸುತ್ತದೆ) ಬರುವಂತಿದ್ದಾಗ, ಎದುರು ತಂಡಕ್ಕೆ ಗೋಲ್ ಹೊಡೆಯುವ ಸ್ಪಷ್ಟ ಅವಕಾಶ ಇದ್ದರೆ ಮಾತ್ರ ಆಟ ಮುಂದುವರಿಸಬೇಕು. ಹಾಗೆ ಬಿಟ್ಟರೆ ಚೆಂಡು ಮುಂದೆ ಆಟದಿಂದ ಹೊರಗೆ ಹೋದಾಗ ಅವನನ್ನು ಹೊರಗೆ ಕಳಿಸಬೇಕು. ಅಷ್ಟರೊಳಗೆ ಅವನೇ ಚೆಂಡು ಆಡಿದರೆ ಅಥವಾ ಎದುರಾಳಿಗೆ ಅಡ್ಡ ಬಂದರೆ ಆಟ ನಿಲ್ಲಿಸಿ ಕೆಂಪು ತೋರಿಸಿ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಡಬೇಕು, ಅವನು ಇನ್ನೂ ದೊಡ್ಡ ತಪ್ಪು ಮಾಡಿರದಿದ್ದರೆ. ನಿಯಮ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ: ಕೆಟ್ಟ ಟ್ಯಾಕಲ್ ಆದ ಮೇಲೂ ಆಟ ಓಡುತ್ತಿದ್ದರೆ, ಪೆಟ್ಟು ತಿಂದವನ ಗೆಳೆಯರು ಮುಂದಿನ ಹತ್ತು ಸೆಕೆಂಡ್‌ನಲ್ಲಿ ತಮ್ಮದೇ ನ್ಯಾಯ ಮಾಡಿಬಿಡುತ್ತಾರೆ.

ಪೆನಾಲ್ಟಿ ಪ್ರದೇಶದ ಗಂಟು

ಟ್ಯಾಕಲ್ ಒರಟಲ್ಲದಿದ್ದರೂ ಕಾರ್ಡ್ ಬರುವ ದಾರಿ ಇನ್ನೊಂದಿದೆ: ಅದು ನಿಲ್ಲಿಸಿದ್ದು ಏನನ್ನು? ಸ್ಪಷ್ಟ ಗೋಲ್ ಅವಕಾಶ ತಪ್ಪಿಸಿದ್ದರೆ ಕೆಂಪು. ಅವಕಾಶ ಸ್ಪಷ್ಟವೇ ಎಂದು ತಿಳಿಯಲು ಗೋಲಿಗೆ ಇದ್ದ ದೂರ, ಆಟ ಸಾಗುತ್ತಿದ್ದ ದಿಕ್ಕು, ಚೆಂಡು ಹಿಡಿತಕ್ಕೆ ಸಿಗುವ ಸಾಧ್ಯತೆ, ಉಳಿದ ಡಿಫೆಂಡರ್‌ಗಳ ಸಂಖ್ಯೆ ಮತ್ತು ಜಾಗ, ಈ ನಾಲ್ಕನ್ನು ನೋಡಬೇಕು. ಪೆನಾಲ್ಟಿ ಪ್ರದೇಶದೊಳಗೆ ನಿಜವಾಗಿ ಚೆಂಡಿಗಾಗಿ ಪೈಪೋಟಿ ಮಾಡಿದ್ದು, ಪೆನಾಲ್ಟಿ ಕೊಟ್ಟಿದ್ದರೆ ಆ ಕೆಂಪು ಹಳದಿಗೆ ಇಳಿಯುತ್ತದೆ. ಬರೀ ಒಳ್ಳೆಯ ದಾಳಿಯೊಂದನ್ನು ನಿಲ್ಲಿಸಿದ್ದಾದರೆ ಹೊರಗೆ ಹಳದಿ, ಒಳಗೆ ಇದೇ ಷರತ್ತಿನಲ್ಲಿ ಕಾರ್ಡೇ ಇಲ್ಲ.

ಎಡವುವುದು ಇಲ್ಲೇ. ಈ ಇಳಿಕೆ ನಿಲ್ಲಿಸಿದ ಅವಕಾಶಕ್ಕೆ ಸಂಬಂಧಿಸಿದ್ದು, ಒರಟುತನಕ್ಕಲ್ಲ. ಮಿತಿಮೀರಿದ ಬಲದ ಟ್ಯಾಕಲ್ ಪ್ರದೇಶದೊಳಗೆ ಆದರೂ ಕೆಂಪು, ದುಡುಕಿನದ್ದು ಹಳದಿ, ಪೆನಾಲ್ಟಿ ಕೊಟ್ಟಿದ್ದರೂ ಸರಿ. ಮತ್ತೆ, ಪೆನಾಲ್ಟಿಯೋ ಅಲ್ಲವೋ ಎಂಬುದಕ್ಕೆ ಟ್ಯಾಕಲ್ ತಾಗಿದ ಜಾಗ ನೋಡಬೇಕು. ಎಲ್ಲಿಂದ ಜಾರಿಬಂದ, ಎಲ್ಲಿಗೆ ಹೋಗಿ ಬಿದ್ದ ಎಂಬುದು ಲೆಕ್ಕಕ್ಕಿಲ್ಲ. ಗೆರೆಯ ಮೇಲೆ ತಾಗಿದರೆ ಒಳಗೆ ಎಂದೇ ಅರ್ಥ.

ವಿಡಿಯೊ ನೋಡುವಾಗ

ವಿಎಆರ್ (ವಿಡಿಯೊ ನೋಡಿ ನೆರವಾಗುವ ಸಹಾಯಕ ರೆಫರಿ) ಇರುವ ಪಂದ್ಯಗಳಲ್ಲಿ ನೇರ ಕೆಂಪು ಕಾರ್ಡಿನ ಪ್ರಸಂಗಗಳನ್ನು ವಿಡಿಯೊದಲ್ಲಿ ಪರಿಶೀಲಿಸುತ್ತಾರೆ. ಮೈದಾನದ ನಿರ್ಧಾರ ಬದಲಾಗಬೇಕಾದರೆ ತಪ್ಪು ಎದ್ದುಕಾಣುವಂತಿರಬೇಕು. ಇಲ್ಲಿ ಸ್ಲೋ ಮೋಷನ್ ಮೋಸಗಾರ. ನಿಧಾನ ಮಾಡಿದಾಗ ಪ್ರತಿ ಟ್ಯಾಕಲ್ಲೂ ಬೇಕೆಂದೇ ಮಾಡಿದಂತೆ ಕಾಣುತ್ತದೆ, ಆಟಗಾರನಿಗೆ ಯೋಚಿಸಲು ಸಾಕಷ್ಟು ಸಮಯವಿತ್ತೇನೋ ಎನಿಸುತ್ತದೆ. ಬೂಟು ಕಾಲಿಗೆ ಒತ್ತಿ ನಿಂತ ಒಂದು ಚಿತ್ರ ನೋಡಿದರಂತೂ ಯಾರಿಗಾದರೂ ಕೆಂಪೇ ಹೊಳೆಯುತ್ತದೆ. ಹಾಗಾಗಿ ಎಲ್ಲಿ ತಾಗಿತು ಎಂಬಂಥ ಸಂಗತಿಗಳಿಗೆ ಮಾತ್ರ ಸ್ಲೋ ಮೋಷನ್, ಎಷ್ಟು ಬಲದಿಂದ ತಾಗಿತು ಎನ್ನುವುದಕ್ಕೆ ಮಾಮೂಲು ವೇಗ ಎಂದು ವಿಎಆರ್ ನಿಯಮವೇ ಹೇಳುತ್ತದೆ. ಮನೆಯಲ್ಲಿ ಟಿವಿ ಮುಂದೆ ಕೂತು ವಾದಿಸುವಾಗಲೂ ಇದನ್ನು ಪಾಲಿಸಿದರೆ ಎಷ್ಟೋ ಜಗಳ ಉಳಿಯುತ್ತದೆ.

ಪಂದ್ಯದ ಕಾವು

ನಿಯಮ ಮೊದಲ ನಿಮಿಷಕ್ಕೂ ಕೊನೆಯ ನಿಮಿಷಕ್ಕೂ ಒಂದೇ. ಮೂರನೇ ನಿಮಿಷದಲ್ಲೇ ಕೆಂಪು ಹೇಗೆ ಕೊಡುವುದು ಎಂಬ ಅಂಜಿಕೆ ಎಷ್ಟೋ ಪಂದ್ಯಗಳನ್ನು ಹಾಳು ಮಾಡಿದೆ. ಅತ್ತ, ಪ್ರತಿ ತಳ್ಳಾಟಕ್ಕೂ ಕಾರ್ಡ್ ಹಂಚಿದರೆ ಅದೂ ಕೈಜಾರುತ್ತದೆ. 2006ರ ವಿಶ್ವಕಪ್‌ನಲ್ಲಿ ನ್ಯೂರೆಂಬರ್ಗ್‌ನ ಪೋರ್ಚುಗಲ್–ನೆದರ್ಲೆಂಡ್ಸ್ ಪಂದ್ಯದಲ್ಲಿ 16 ಹಳದಿ, 4 ಕೆಂಪು ಬಂದವು. ಅಷ್ಟೂ ಕಾರ್ಡ್‌ಗಳಿಂದ ಆಟವೇನೂ ತಣ್ಣಗಾಗಲಿಲ್ಲ. ಕಾರ್ಡ್ ಮೊದಲು ಬೇಕಿರುವುದು ಕಾವು ಏರಿಸುವ ಟ್ಯಾಕಲ್‌ಗೆ: ಒಬ್ಬನೇ ಆಟಗಾರನನ್ನು ಸರದಿಯ ಮೇಲೆ ಬೀಳಿಸುತ್ತಿದ್ದರೆ, ತಡವಾದ ಪೆಟ್ಟುಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ. ಯಾರ ಮೇಲೆ ಯಾರು ಎಷ್ಟು ಸಲ ಬಿದ್ದರು ಎಂಬ ಲೆಕ್ಕ ತಲೆಯಲ್ಲಿರಲಿ. ಒಂದೊಂದೂ ಬರೀ ಅಜಾಗ್ರತೆಯ ಫೌಲೇ ಆಗಿರಬಹುದು. ಒಬ್ಬನೇ ಮತ್ತೆ ಮತ್ತೆ ಮಾಡುತ್ತಿದ್ದರೆ ಪದೇ ಪದೇ ನಿಯಮ ಮುರಿದದ್ದಕ್ಕೆ ಹಳದಿ ತೋರಿಸುವ ಅಧಿಕಾರವಿದೆ.

ಕೊನೆಗೆ ವರದಿ. ಕಾರ್ಡ್ ತೋರಿಸಿದ ಕೂಡಲೇ ನಿಮಿಷ, ಅಂಗಿಯ ಸಂಖ್ಯೆ, ತಂಡ, ಕಾರಣ ಇಷ್ಟನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಪಂದ್ಯ ಮುಗಿದ ಮೇಲೆ ನೆನಪು ಮೋಸ ಮಾಡುತ್ತದೆ. ಕೆಂಪಿನ ವರದಿಯಲ್ಲಿ 'ಕ್ರೂರವಾಗಿ', 'ಬೇಕೆಂದೇ', 'ದ್ವೇಷದಿಂದ' ಎಂಬ ಮಾತುಗಳು ಬೇಡ, ಅವು ನಿಮ್ಮ ಅಭಿಪ್ರಾಯ. ಕಂಡದ್ದನ್ನು ಬರೆಯಿರಿ: "63ನೇ ನಿಮಿಷ. ಚೆಂಡು ಆಟದಲ್ಲಿತ್ತು. 5ನೇ ಸಂಖ್ಯೆಯ ಆಟಗಾರ ಸುಮಾರು ಐದು ಮೀಟರ್ ಓಡಿಬಂದು, ಬಲಗಾಲನ್ನು ಸೆಟೆಸಿ, ಸ್ಟಡ್‌ಗಳನ್ನು ಮುಂದೆ ಮಾಡಿ ಟ್ಯಾಕಲ್ ಮಾಡಿದ. ಸ್ಟಡ್‌ಗಳು 11ನೇ ಸಂಖ್ಯೆಯ ಆಟಗಾರ ನೆಲಕ್ಕೆ ಊರಿದ್ದ ಎಡಗಾಲಿಗೆ, ಪಾದದ ಕೀಲಿನ ಮೇಲ್ಭಾಗದಲ್ಲಿ ತಾಗಿದವು. ನನ್ನ ನೋಟಕ್ಕೆ ಅಡ್ಡಿ ಇರಲಿಲ್ಲ, ಸುಮಾರು 12 ಮೀಟರ್ ದೂರದಲ್ಲಿ ಪಕ್ಕದಲ್ಲಿದ್ದೆ. ಗಂಭೀರ ಫೌಲ್‌ಗಾಗಿ ಹೊರಗೆ ಕಳಿಸಿದೆ. ಡೈರೆಕ್ಟ್ ಫ್ರೀ ಕಿಕ್‌ನಿಂದ ಆಟ ಮುಂದುವರಿಯಿತು."